ಲೋಟದಲ್ಲಿ ಒತ್ತಿದ ಹಸಿ ಮೀನು

ಮುಂಬೈನ ದೊಡ್ಡ ಹೋಟೆಲೊಂದರ ಜಪಾನಿ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಮೀನು ಕೊಯ್ದು, ಮಂಡಿನೋವು ತಡೆಯಲಾರದೆ ಗೌರೀಶ ಕೊಡಿಗೇನಹಳ್ಳಿಗೆ ಮರಳಿದ್ದ. ಈಗ ಬಸ್ ಸ್ಟ್ಯಾಂಡಿನ ಬಳಿ ಅವನದೊಂದು ಎಗ್‌ರೈಸ್ ಗಾಡಿ. ಹೆಂಡತಿ ಸಹನಾ ಹಿಂದೂಪುರದ ಗಾರ್ಮೆಂಟ್ಸಿಗೆ ಹೋಗಿಬರುತ್ತಿದ್ದಳು. ಮನೆ ಸೇರಿದ ಮೇಲೆ ಇಬ್ಬರಿಗೂ ಮಾತಾಡುವಷ್ಟು ತ್ರಾಣ ಉಳಿಯುತ್ತಿರಲಿಲ್ಲ.

ಆ ವಾರ ಹಳೆಯ ಹೋಟೆಲಿನಿಂದ ಫೋನ್ ಬಂತು. ಕೆಲಸಕ್ಕೆ ಮತ್ತೆ ಕರೆದಿದ್ದರು. ಯೋಚಿಸಿ ಹೇಳುತ್ತೇನೆ ಅಂದ ಗೌರೀಶ ಮನೆಯಲ್ಲಿ ಅದರ ಬಗ್ಗೆ ಹೆಚ್ಚೇನೂ ಆಡಲಿಲ್ಲ.

"ಅಲ್ಲಿ ದಿನಾ ಏನು ಮಾಡ್ತಿದ್ದೆ, ಒಂದ್ಸಲ ಮಾಡಿ ತೋರ್ಸು," ಅಂದಳು ಸಹನಾ.

ಭಾನುವಾರ ಅವನು ಮಧುಗಿರಿಗೆ ಹೋಗಿ, ಬೆಂಗಳೂರಿನ ಗೆಳೆಯ ಬಸ್ಸಿಗೆ ಹಾಕಿಸಿದ್ದ ಥರ್ಮಾಕೋಲ್ ಡಬ್ಬಿ ತಂದ. ಹಸಿಯಾಗಿಯೇ ತಿನ್ನಲೆಂದು ಗಟ್ಟಿಯಾಗಿ ಹೆಪ್ಪುಗಟ್ಟಿಸಿದ ಸಮುದ್ರದ ಕೆಂಪು ಮೀನು. ಐಸ್ ಇನ್ನೂ ಕರಗಿರಲಿಲ್ಲ. ಸೋನಾ ಮಸೂರಿಯನ್ನು ಮುದ್ದೆಯಾಗುವಷ್ಟು ಬೇಯಿಸಿ, ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ ಆರಲು ಬಿಟ್ಟ. ಸ್ಟೀಲ್ ಲೋಟಕ್ಕೆ ಎಣ್ಣೆ ಸವರಿ, ತಳದಲ್ಲಿ ಸಣ್ಣಗೆ ಕೊಯ್ದ ಮೀನು, ಮೇಲೆ ಬೆಣ್ಣೆಹಣ್ಣು, ಸೌತೆಕಾಯಿ, ಕೊನೆಗೆ ಅನ್ನ ಹಾಕಿ ಒತ್ತಿದ. ತಟ್ಟೆಗೆ ಮಗುಚಿದರೆ ಮೊದಲನೆಯದು ಕುಸಿದುಬಿತ್ತು. ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತು, ಮತ್ತೆ ಕಟ್ಟಿದ. ಈ ಸಲ ನಿಂತಿತು: ಕೆಳಗೆ ಬಿಳಿ, ನಡುವೆ ಹಸಿರು, ನೆತ್ತಿಯಲ್ಲಿ ಕೆಂಪು.

ಅವನ ತಾಯಿ ಲಕ್ಕಮ್ಮ ಬಗ್ಗಿ ನೋಡಿದಳು. "ಬೇಯ್ಸೇ ಇಲ್ವಲ್ಲಲಾ! ಇದ್ನ ಹೆಂಗ್ ತಿಂತಾರೆ?" ಅನ್ನುತ್ತ ತನ್ನ ಪಾಲಿನ ಮೀನನ್ನು ಹೆಂಚಿಗೆ ಹಾಕಿ ಖಾರದಪುಡಿ ಉದುರಿಸಿದಳು. ಗೌರೀಶ ಎಣ್ಣೆಯ ಡಬ್ಬಿ ಎತ್ತಿಕೊಟ್ಟ.

ಸಹನಾ ಅಳುಕುತ್ತಲೇ ಒಂದು ತುತ್ತು ಬಾಯಿಗಿಟ್ಟಳು. "ತಣ್ಣಗೈತೆ. ಚೆನ್ನಾಗೈತೆ ಕಣೋ. ನೀನೂ ದಿನಾ ಇದ್ನೇ ತಿಂತಿದ್ಯಾ?"

"ಒಂದು ದಿನಾನೂ ತಿಂದಿಲ್ಲ. ನಮ್ಗೆ ಅನ್ನ, ದಾಲ್."

ಅವಳು ತಿನ್ನುವುದನ್ನು ನಿಲ್ಲಿಸಿ, ತಟ್ಟೆಯನ್ನು ಅವನತ್ತ ತಳ್ಳಿದಳು. ಗೌರೀಶ ನಿಧಾನವಾಗಿ ಅಗಿದ. ಇಷ್ಟು ಸಣ್ಣದಕ್ಕಾಗಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇದ್ದೆನಲ್ಲ ಅನ್ನಿಸಿತು. ರುಚಿಯಾಗಿರಲಿಲ್ಲ ಎಂದಲ್ಲ; ರುಚಿಯಾಗಿಯೇ ಇತ್ತು.

"ಓಗ್ತೀಯಾ?" ಸಹನಾ ಕೇಳಿದಳು.

"ಓಗಲ್ಲ."

"ನಮ್ಗೋಸ್ಕರ ಅಂತ ಬುಟ್ಬುಡ್ಬೇಡ."

"ನಿಮ್ಗೋಸ್ಕರ ಅಲ್ಲ ಕಣೆ. ಅಲ್ಲಿ ನಿಂತು ನಿಂತು ಸಾಕಾಗೋಗೈತೆ. ಇಲ್ಲಿ ಗಾಡಿ ಪಕ್ಕ ಒಂದ್ ಸ್ಟೂಲಾದ್ರೂ ಹಾಕ್ಕೊಬೋದು."

ಹೋಟೆಲಿಗೆ ಅವತ್ತೇ ಫೋನ್ ಮಾಡಿ ಬರುವುದಿಲ್ಲ ಅಂದ. ಆ ಕಡೆಯವರು ಯಾಕೆಂದು ಕೇಳಲೂ ಇಲ್ಲ. ಅವನಿಗೆ ಸಂತೋಷವೇನೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಲಕ್ಕಮ್ಮ ಹುರಿದ ಮೀನಿನ ಎರಡು ಚೂರು ತಂದು ಕೊಟ್ಟಳು. ತಿಂದು, ಕೈ ತೊಳೆದು, ಚಾಪೆಯ ಮೇಲೆ ಕಾಲು ಚಾಚಿದ. ಸಹನಾ ಪಕ್ಕದಲ್ಲಿ ಆಗಲೇ ಕಣ್ಣು ಮುಚ್ಚಿದ್ದಳು.