ಕಷಾಯ ಮೇಡಂ

ಕೋಪ ಬಂದಾಗ ದನಿ ಏರಿಸುವವರನ್ನು ಎಲ್ಲರೂ ಕಂಡಿರುತ್ತಾರೆ. ಕಷಾಯ ಮೇಡಂ ದನಿ ಇಳಿಸುತ್ತಿದ್ದರು. ಎಷ್ಟು ಇಳಿಸುತ್ತಿದ್ದರೆಂದರೆ, ಬೈಸಿಕೊಳ್ಳುವವನೇ ಬಗ್ಗಿ, ಕಿವಿಗೊಟ್ಟು, ತನ್ನ ಪಾಲಿನ ಬೈಗುಳವನ್ನು ಕೇಳಿ ಪಡೆಯಬೇಕಾಗಿತ್ತು. ಔಷಧೀಯ ಸಸ್ಯಗಳ ಸಂಶೋಧನಾಲಯದಲ್ಲಿ ಅವರಿಗೆ ಆ ಅಡ್ಡಹೆಸರು ಬಿದ್ದದ್ದು ಕೆಲಸದಿಂದಲೋ ನಾಲಗೆಯಿಂದಲೋ ಎಂಬ ಬಗ್ಗೆ ಸಹೋದ್ಯೋಗಿಗಳಲ್ಲಿ ಒಮ್ಮತವಿರಲಿಲ್ಲ. ತೋಳಿನ ತುದಿಯಲ್ಲಿ ಹಸಿರು ಕಲೆ ಕಚ್ಚಿಕೊಂಡ ಬಿಳಿ ಕೋಟು; ಎದುರಿಗೆ ಬಂದವರೇ ಪಕ್ಕಕ್ಕೆ ಸರಿಯಬೇಕೆನಿಸುವ ನೇರ ನಡಿಗೆ; ಯಾರಾದರೂ “ಈ ಸೊಪ್ಪು ಮೆದುಳಿಗೆ ಒಳ್ಳೇದಂತೆ” ಎಂದರೆ ಸಾಕು, “ಯಾರ ಮೆದುಳಿಗೆ?” ಎಂಬ ಮರುಪ್ರಶ್ನೆ.

ಹಾಗೆಂದು ಸೊಪ್ಪನ್ನು ಅವರಷ್ಟು ಪ್ರೀತಿಸಿದವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಜೌಗುನೆಲದಲ್ಲಿ ಹಬ್ಬುವ ಸಣ್ಣ ಬಳ್ಳಿಯೊಂದರ ಎಲೆಗಳನ್ನು ನೆರಳಲ್ಲಿ ಒಣಗಿಸಿ, ಮದ್ಯಸಾರದಲ್ಲಿ ನೆನೆಸಿ, ಸೋಸಿ, ಬತ್ತಿಸಿ, ಕೊನೆಗುಳಿಯುವ ಕಡುಹಸಿರು ಅಂಟಿನ ಬೆನ್ನು ಹತ್ತಿ ತಮ್ಮ ಪ್ರಾಯವನ್ನೆಲ್ಲ ಸವೆಸಿದ್ದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳಿಗೆ ವಿಷವುಣಿಸಿದಾಗ, ಮೊದಲೇ ಈ ಸಾರ ಹೀರಿದ್ದ ಕೋಶಗಳು ಬಹುಪಾಲು ಬದುಕಿ ಉಳಿದವು. ಅಂದು ಮೇಡಂ ಬಾಯ್ತುಂಬ ನಕ್ಕದ್ದನ್ನು ಸಂಶೋಧನಾಲಯ ಬಹುಕಾಲ ಮಾತಾಡಿಕೊಂಡಿತು. ಆದರೆ ತಟ್ಟೆಯಿಂದ ಮನುಷ್ಯನ ತಲೆಯವರೆಗಿನ ದಾರಿ ಎಷ್ಟು ದೂರವೆಂಬುದು ಅವರಿಗೆ ಗೊತ್ತಿತ್ತು.

ನಿರ್ದೇಶಕರಿಗೆ ಅಷ್ಟು ತಾಳ್ಮೆಯಿರಲಿಲ್ಲ. ಮೇಡಂಗೆ ಒಂದು ಮಾತೂ ತಿಳಿಸದೆ ಸಾರವನ್ನು ಕಂಪನಿಯೊಂದಕ್ಕೆ ಕೊಟ್ಟರು. ಅದು ಸಿಹಿ ಬೆರೆಸಿದ ಟಾನಿಕ್ಕಾಗಿ ಅಂಗಡಿಗೆ ಬಂತು. ಸುದ್ದಿ ಮೇಡಂ ಕಿವಿಗೆ ಬೀಳುವ ಮೊದಲೇ ಸೀಸೆ ಅವರ ಅಕ್ಕನ ಮನೆ ಸೇರಿತ್ತು. ಅಕ್ಕನಿಗೆ ಹಿಂದೊಮ್ಮೆ ಸಣ್ಣಗೆ ಪಾರ್ಶ್ವವಾಯು ತಟ್ಟಿ, ಮರೆವು ಶುರುವಾಗಿ, ರಕ್ತದೊತ್ತಡದ ಮಾತ್ರೆಗಳ ಆಸರೆಯಲ್ಲಿ ದಿನ ಸಾಗುತ್ತಿತ್ತು. ಎರಡನೆಯ ಹೊಡೆತ ಮಾತನ್ನೇ ಕಸಿದುಕೊಂಡಾಗ, ಆಸ್ಪತ್ರೆಯ ಮೊಗಸಾಲೆಯಲ್ಲಿ ಭಾವ ತಲೆ ತಗ್ಗಿಸಿ ನಿಂತಿದ್ದರು.

“ಸೀಸೆ ಮೇಲೆ ನಿನ್ನ ಹೆಸರಿತ್ತಲ್ಲಮ್ಮ. ನೀನು ಮಾಡಿದ್ದು ಅಂದ್ಮೇಲೆ ಇನ್ನು ಮಾತ್ರೆ ಯಾಕೆ ಅಂತ ನಿಲ್ಲಿಸ್ಬಿಟ್ಟೆ.”

“ನನ್ನನ್ನ ಒಂದು ಮಾತು ಕೇಳಬಾರ್ದಿತ್ತಾ ಭಾವ?”

“ಕೇಳೋಣ ಅಂದ್ಕೊಂಡೆ. ಬೈತೀಯ ಅಂತ ಸುಮ್ಮನಾದೆ.”

ಮೇಡಂ ಅಕ್ಕನ ಮನೆಯಿಂದ ಆ ಸೀಸೆ ತರಿಸಿಕೊಂಡರು. ಮರುದಿನ ನಿರ್ದೇಶಕರ ಮೇಜಿನ ಮೇಲೆ ಸೀಸೆ ಕುಕ್ಕಿದರು.

“ಇದರಲ್ಲಿ ಸುಳ್ಳೇನಿದೆ ಮೇಡಂ? ಮೆದುಳನ್ನ ಕಾಪಾಡುತ್ತೆ ಅಂತ ನಿಮ್ಮ ಪ್ರಬಂಧದಲ್ಲೇ ಇದೆಯಲ್ಲ.”

“ನನ್ನ ಪ್ರಬಂಧದಲ್ಲಿ ಗಾಜಿನ ತಟ್ಟೆ ಇದೆ. ನೀವು ತಟ್ಟೆ ತೆಗೆದು ನಮ್ಮಕ್ಕನ್ನ ಇಟ್ರಿ.”

“ಗಿಡದ್ದು ತಾನೆ, ಏನಾಗುತ್ತೆ ಬಿಡಿ.”

“ಅಫೀಮೂ ಗಿಡದ್ದೇ.”

ಟಾನಿಕ್ಕಿನ ಪ್ರಚಾರಸಭೆಯಲ್ಲಿ ಮೇಡಂಗೆ ಸನ್ಮಾನವೆಂದು ಮೊದಲೇ ಗೊತ್ತುಮಾಡಿದ್ದರು. ಅವರು ಹೋದರು, ಹಾರವನ್ನು ಕೈಯಿಂದ ತಡೆದು ಮೈಕಿನ ಮುಂದೆ ನಿಂತರು. “ಇದನ್ನ ಇಲ್ಲಿವರೆಗೆ ಒಬ್ಬ ರೋಗಿ ಮೇಲೂ ಪರೀಕ್ಷೆ ಮಾಡಿಲ್ಲ. ಇದನ್ನ ನಂಬಿ ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟಿದ್ದಕ್ಕೆ ನಮ್ಮಕ್ಕನ ಮಾತು ಹೋಯ್ತು. ಬಿಟ್ಟವರಿದ್ರೆ ಇವತ್ತೇ ಮತ್ತೆ ಶುರುಮಾಡಿ.” ಮೈಕಿದ್ದುದರಿಂದ ದನಿ ಏರಿಸುವ ಅಗತ್ಯ ಬೀಳಲಿಲ್ಲ, ಆ ಪಿಸುನುಡಿಯೇ ಸಭಾಂಗಣದ ಕೊನೆಯ ಸಾಲಿಗೂ ಮುಟ್ಟಿತು.

ಸೀಸೆಗಳು ಕಪಾಟುಗಳಿಂದ ಇಳಿದವು. ಕೆಲಕಾಲದ ಮೇಲೆ ಬೇರೆ ಬಣ್ಣದ ಚೀಟಿ ಹೊತ್ತು ಮರಳಿ ಏರಿದವು, ಈ ಬಾರಿ ಮೇಡಂ ಹೆಸರಿಲ್ಲದೆ. ಸಂಶೋಧನಾಲಯದಲ್ಲಿ ಅವರ ಕೋಣೆಗೆ ಬೀಗ ಬಿತ್ತು. ಈಗ ಸಣ್ಣ ಕಾಲೇಜೊಂದರ ಎರವಲು ಮೂಲೆಯಲ್ಲಿ ಅದೇ ಬಳ್ಳಿಯ ಎಲೆ ನೆನೆಹಾಕುತ್ತಾರೆ, ಅದೇ ಸಿಡುಕಿನಿಂದ. ಸಂಜೆ ಅಕ್ಕನಿಗೆ ಮಾತ್ರೆ ನುಂಗಿಸಿ, ಎದುರು ಕೂತು ಒಂದೊಂದೇ ಪದ ಹೇಳಿಕೊಡುತ್ತಾರೆ. ಪದ ಕೂಡಿಬರದೆ ಅಕ್ಕ ಅತ್ತಾಗ ಭಾವ ಎದ್ದು ಹೊರಗೆ ಹೋಗುತ್ತಾರೆ. ಮೇಡಂ ಮಾತ್ರ ಅಲ್ಲೇ ಕೂತು ಅದೇ ಪದವನ್ನು ಮತ್ತೆ ಹೇಳುತ್ತಾರೆ.

ಇಂಥವರ ಕೋಪವನ್ನು ಸ್ವಭಾವದೋಷವೆಂದು ತಳ್ಳಿಹಾಕುವುದು ನಮಗೆಲ್ಲ ಸುಲಭ. ನಯವಾಗಿ ಮಾತಾಡುವವನು ಕೊಟ್ಟದ್ದನ್ನೆಲ್ಲ ಕಣ್ಣುಮುಚ್ಚಿ ನುಂಗುವ ನಾವು, ಮೋರೆ ಗಂಟುಹಾಕಿಕೊಂಡವರ ಬಾಗಿಲು ತಟ್ಟಲು ಅಂಜುತ್ತೇವೆ. ತಾವು ಪ್ರೀತಿಸಿದ್ದರ ಬಗ್ಗೆ ಯಾರೂ ಸುಳ್ಳಾಡಕೂಡದೆಂಬ ಹಟ ಅವರನ್ನು ಹಾಗೆ ಸುಡುತ್ತಿರುತ್ತದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಆ ಉರಿಯ ಬಿಸಿ ಮೊದಲು ತಾಗುವುದು ಅವರ ಮನೆಯವರಿಗೇ ಎಂಬುದೂ ಸುಳ್ಳಲ್ಲ.