ಏಣಿ ಹಿಡಿಯುವವನು

ಏಣಿಯ ನಾಲ್ಕು ಮೆಟ್ಟಿಲು ಹತ್ತಿದ ಪ್ರೆಬೆನ್ ಮತ್ತೆ ಕೆಳಗಿಳಿದ. ಕಡಲಿನ ಕಡೆಯಿಂದ ನವೆಂಬರ್ ಗಾಳಿ ಒಂದೇ ಸಮ ಬೀಸುತ್ತಿತ್ತು. ದೀಪದ ಕಂಬಕ್ಕೆ ಒರಗಿಸಿದ ಏಣಿ ಹಿಡಿಯುವವರಿಲ್ಲದೆ ಅಲುಗಾಡುತ್ತಿತ್ತು. ಮೇಲೆ, ಹಲಗೆಗೆ ಅಂಟಿಸಿದ ಅವನದೇ ಮುಖ ಹಲ್ಲುಕಿರಿಯುತ್ತಿತ್ತು. ಚುನಾವಣೆ ಮುಗಿದು ವಾರವಾಗುತ್ತ ಬಂದಿದೆ. ಗೆದ್ದವನಾಗಲಿ ಸೋತವನಾಗಲಿ, ಎಂಟು ದಿನದೊಳಗೆ ತನ್ನ ಮುಖವನ್ನು ಕಂಬದಿಂದ ತಾನೇ ಇಳಿಸಿಕೊಳ್ಳಬೇಕು. ಡೆನ್ಮಾರ್ಕಿನ ಕಾನೂನು ಹಾಗಿದೆ.

ಇಷ್ಟು ವರ್ಷ ಅವನ ಏಣಿ ಹಿಡಿದವನು ಎಗೊನ್. ಇಬ್ಬರೂ ಈ ಬಂದರಿನ ಮೀನುಗಾರರೇ. ಯಾವ ಮೀನನ್ನು ಎಷ್ಟು ಹಿಡಿಯಬೇಕೆಂದು ಬ್ರಸೆಲ್ಸಿನ ಐರೋಪ್ಯ ಒಕ್ಕೂಟದವರು ಗೆರೆ ಎಳೆದ ಮೇಲೆ, ಕಸುಬು ನಡೆಯದೆ ಗುಜರಿಗೆ ಹಾಕಿದ ಇಬ್ಬರ ದೋಣಿಗಳನ್ನೂ ಒಂದೇ ಯಂತ್ರ ನುಚ್ಚುನೂರು ಮಾಡಿತ್ತು. ಆ ದಿನ ದಡದಲ್ಲಿ ನಿಂತು ಇಬ್ಬರೂ ನಾಚಿಕೆ ಬಿಟ್ಟು ಅತ್ತಿದ್ದರು. ‘ಬಂದರು ಕೂಟ’ ಹುಟ್ಟಿದ್ದು ಆ ಅಳುವಿನಿಂದಲೇ. ಐರೋಪ್ಯ ಒಕ್ಕೂಟದಿಂದ ಹೊರಗೆ ಬರಬೇಕು, ಕಡಲು ನಮ್ಮ ಕೈಗೆ ಸಿಗಬೇಕು ಎಂಬುದಷ್ಟೇ ಅದರ ಮಂತ್ರ. ಪುರಸಭೆಯಲ್ಲಿ ಅದಕ್ಕಿದ್ದದ್ದು ಒಂದೇ ಒಂದು ಕುರ್ಚಿ, ಪ್ರೆಬೆನ್‌ನದು. ಪ್ರತಿ ಚುನಾವಣೆಗೂ ಅವನು ಕಂಬ ಹತ್ತುತ್ತಿದ್ದ. ಎಗೊನ್ ಕೆಳಮೆಟ್ಟಿಲ ಮೇಲೆ ದಪ್ಪ ಬೂಟು ಊರಿ ನಿಂತು, ಕಂಬಕಂಬಕ್ಕೂ ಕೂಗುತ್ತಿದ್ದ: “ಹೇಗುಂಟು ಮಾರಾಯ, ಬ್ರಸೆಲ್ಸ್ ಕಾಣ್ತದಾ?”

ಆಮೇಲೆ ಕೂಟ ಕೋಪನ್‌ಹೇಗನ್ನಿನ ಒಂದು ಪಕ್ಷದೊಂದಿಗೆ ಕೈ ಜೋಡಿಸಿತು. ಅವರಲ್ಲಿ ದುಡ್ಡಿತ್ತು, ಮಾತಿನ ಮಲ್ಲರಿದ್ದರು. ಬರುವಾಗ ಕಡಲಿನ ಮಾತಾಡಿದವರು, ಬರಬರುತ್ತ ಮೀನು ಕಾರ್ಖಾನೆಯ ಪರದೇಶದವರ ಮಾತು ಎತ್ತಿದರು. ಕಳೆದ ವಸಂತದ ಸಭೆಯೂ ಎಂದಿನಂತೆ ಹಾಡಿನಿಂದಲೇ ಶುರುವಾಗಿತ್ತು. ಎಲ್ಲರೂ ಎದ್ದು ನಿಂತು ಕಡಲಿನ ಹಾಡು ಹಾಡಿ ಕೂತ ಮೇಲೆ ನಿರ್ಣಯ ಓದಿದರು: ಪೂರ್ವ ಯುರೋಪಿನ ದೇಶಗಳಿಂದ ಬಂದ ಕೂಲಿಯವರನ್ನು ವಾಪಸು ಕಳಿಸಬೇಕು. ಒಪ್ಪುವವರು ಕೈ ಎತ್ತಿ.

ಆಗ ಮೇಜುಗಳ ನಡುವೆ ಕಾಫಿ ಸುರಿಯುತ್ತಿದ್ದವಳು ಪ್ರೆಬೆನ್‌ನ ಸೊಸೆ ಇಲಿಂಕಾ. ಅದೇ ಕಾರ್ಖಾನೆಯ ಕೆಲಸದವಳು, ರೊಮೇನಿಯಾದವಳು. ಹೆಂಡತಿ ಸತ್ತ ಮೇಲೆ ಎಗೊನ್ ಪ್ರತಿ ಭಾನುವಾರ ಉಣ್ಣುತ್ತಿದ್ದದ್ದು ಅವಳು ಮಾಡುವ ಹುಳಿಸಾರನ್ನೇ. ಎಗೊನ್ ಅತ್ತಿತ್ತ ನೋಡಿದ. ನೋಡಿ, ಕೈ ಎತ್ತಿದ. ಅವಳು ಅವನ ಬಟ್ಟಲನ್ನೂ ತುಂಬಿಸಿ ಮುಂದೆ ಹೋದಳು.

“ಅದು ಇಲಿಂಕಾಗೆ ಹೇಳಿದ್ದಲ್ಲ ಮಾರಾಯ. ಅವಳು ನಮ್ಮವಳು. ಬೇರೆಯವರಿಗೆ ಹೇಳಿದ್ದು,” ಎಂದ ಎಗೊನ್, ಬಾಗಿಲ ಹೊರಗೆ.

“ಬೇರೆಯವರು ಅಂದ್ರೆ ಯಾರೋ? ಕಾರ್ಖಾನೆಯಲ್ಲಿರೋ ಅವಳ ತಮ್ಮನಾ?”

“ಕೂಟ ಉಳೀಬೇಕಲ್ಲ!”

“ನೀನೇ ಉಳಿಸ್ಕೋ ಹೋಗು.”

ಕೂಟ ಎರಡು ಹೋಳಾಯಿತು. ಕಂಬದ ಈಚೆ ಪ್ರೆಬೆನ್, ಆಚೆ ಆ ಪಕ್ಷದ ಅಭ್ಯರ್ಥಿಯಾಗಿ ಎಗೊನ್. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬಂತೆ ಇದ್ದ ಒಂದು ಕುರ್ಚಿಯೂ ಹೋಯಿತು. ಕುರ್ಚಿ ಹೋದದ್ದಕ್ಕೆ ಪ್ರೆಬೆನ್‌ಗೆ ನಿದ್ದೆಯೇನೂ ಕೆಡಲಿಲ್ಲ. ಭಾನುವಾರ ಮಧ್ಯಾಹ್ನ ಎದುರಿನ ಖಾಲಿ ಜಾಗ ನೋಡಿದಾಗ ಮಾತ್ರ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಆ ಕಂಬವನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟು, ಏಣಿ ಹೊತ್ತು ಚರ್ಚಿನ ತಿರುವಿಗೆ ಬಂದ ಪ್ರೆಬೆನ್ ಅಲ್ಲೇ ನಿಂತ. ಬೀದಿಯಾಚೆ ಇನ್ನೊಂದು ಏಣಿ, ಅದರ ಮೇಲೆ ಎಗೊನ್. ಹಿಂದೆಂದೂ ಕಂಬ ಹತ್ತಿದವನಲ್ಲ. ಕಂಬವನ್ನೇ ತಬ್ಬಿ ನಿಂತಿದ್ದ. ಹಲಗೆ ಕಟ್ಟಿಕೊಟ್ಟಿದ್ದ ಕೋಪನ್‌ಹೇಗನ್ನಿನವರು ಒಬ್ಬರೂ ಕಾಣಲಿಲ್ಲ.

ಪ್ರೆಬೆನ್ ತನ್ನ ಏಣಿಯನ್ನು ಗೋಡೆಗೆ ಒರಗಿಸಿ ಬೀದಿ ದಾಟಿದ. ಕೆಳಮೆಟ್ಟಿಲ ಮೇಲೆ ಬೂಟು ಊರಿದ. ಏಣಿ ನಿಂತಿತು. ಹಳೆಯ ಮಾತೇ ಬಾಯಿಗೆ ಬಂತು.

“ಹೇಗುಂಟು, ಬ್ರಸೆಲ್ಸ್ ಕಾಣ್ತದಾ?”

ಎಗೊನ್ ಒಂದೊಂದೇ ಮೆಟ್ಟಿಲು ತಡವಿಕೊಂಡು ಕೆಳಗಿಳಿದ. ಅವನ ಮುಖದ ಹಲಗೆ ಕಂಬದ ಮೇಲೆಯೇ ಉಳಿಯಿತು. ಎಗೊನ್ ಕಣ್ಣಲ್ಲಿ ನೀರಿತ್ತು, ಗಾಳಿಗೂ ಇರಬಹುದು.

“ಇಲಿಂಕಾ ಹೇಗಿದ್ದಾಳೆ?”

“ಇದ್ದಾಳೆ.”

“ಭಾನುವಾರ ಸಾರು...”

“ಮಾಡೋದು ಬಿಟ್ಟಿದ್ದಾಳೆ ಎಗೊನ್. ನಾವ್ಯಾರೂ ಬಿಡು ಅಂದಿಲ್ಲ. ಅವಳೇ ಬಿಟ್ಳು.”

ಎಗೊನ್ ತಲೆ ಆಡಿಸಿದ. ತುಂಬ ಹೊತ್ತು ಆಡಿಸುತ್ತಲೇ ಇದ್ದ.

“ಹತ್ತು, ನಾನು ಹಿಡೀತೇನೆ,” ಎಂದ ಪ್ರೆಬೆನ್.

“ಬೇಡ ಮಾರಾಯ. ಹಿಡಿಯೋಕೆ ಪಕ್ಷದ ಹುಡುಗರು ಬರ್ತಾರೆ. ಹೇಳಿದ್ದಾರೆ. ನೀನು ಹೋಗು.”

ಪ್ರೆಬೆನ್ ಬೂಟು ತೆಗೆದ. ತನ್ನ ಏಣಿ ಹೆಗಲಿಗೇರಿಸಿ ಬಂದರಿನ ಕಡೆ ನಡೆದ. ಉಳಿದ ಕಂಬಗಳನ್ನು ಹೇಗೋ ಒಬ್ಬನೇ ಹತ್ತಿ ಇಳಿದ. ಹಲಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಅದೇ ದಾರಿಯಲ್ಲಿ ಮನೆಗೆ ಹೊರಟಾಗ ಬೀದಿದೀಪ ಹೊತ್ತಿಕೊಂಡಿತ್ತು. ಚರ್ಚಿನ ತಿರುವಿನಲ್ಲಿ ಪಕ್ಷದ ಹುಡುಗರ ಸುಳಿವಿರಲಿಲ್ಲ. ಕಂಬದ ಮೇಲೆ ಎಗೊನ್‌ನ ಮುಖ ಇನ್ನೂ ನಗುತ್ತಿತ್ತು. ಅದರ ಕೆಳಗೆ ಎಗೊನ್, ಖಾಲಿ ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕೆಳಮೆಟ್ಟಿಲ ಮೇಲೆ ಬೂಟು ಊರಿ ನಿಂತಿದ್ದ.