ಅಪ್ಪನ ದನಿಗೆ ಜಾಗ

ಊದಿನಕಡ್ಡಿಯ ವಾಸನೆ, ಅದೂ ಸ್ಟೋರೇಜು ಪೆಟ್ಟಿಗೆಯ ಫ್ಯಾನಿನೊಳಗಿಂದ — ಬರದೆ ಏನು ಮಾಡೀತು, ಇಂಟರ್‌ನೆಟ್ ತಂತಿ ಬಂದು ಸೇರುವ, ಗೋಡೆಯೊಳಗಿನ ಕ್ಲಾಸೆಟ್ಟೇ ಈ ಮನೆಯ ದೇವರ ಮನೆ, ಮೇಲಿನ ಹಲಗೆಯಲ್ಲಿ ವೀರಭದ್ರ, ಕೆಳಗಿನದರಲ್ಲಿ ಈ ಕರಿ ಪೆಟ್ಟಿಗೆ, ಮನೆಮಂದಿಯ ಫೋಟೊ ವಿಡಿಯೊ ಎಲ್ಲ ನುಂಗಿಕೊಂಡು ಕುಳಿತಿದೆ, ಮುಚ್ಚಳ ಬಿಚ್ಚಿದ್ದೇ ತಡ ಐಶ್ವರ್ಯಾಗೆ ಸೀನು ಬಂತು, ಶಕುನ ನೋಡುವವರು ನೋಡಿಕೊಳ್ಳಲಿ, ಬಿಚ್ಚಿದ್ದಾಯಿತು. ಬಿಚ್ಚಬ್ಯಾಡಲೇ, ಎಲ್ಲಾ ಕ್ಲೌಡಿಗೆ ಹಾಕಿಬಿಡು, ತಾಸೊತ್ತಿನ ಕೆಲಸ, ಕೇದಾರ ಬೆಳಿಗ್ಗೆಯಿಂದ ಇದೇ ರಾಗ, ಗಂಡನಾದವನು ಸ್ಕ್ರೂ ಹಿಡಿದುಕೊಳ್ಳಬಾರದೇ, ಉಪದೇಶಕ್ಕೇನು ಪರದೇಶದ ಈ ಸ್ಯಾನ್ ರಮೋನಿನಲ್ಲಿ ಬರವೇ — ಆದರೆ ಅಪ್ಪ ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದ್ದಾರೆ, ನನ್ನ ದನಿ ಮಂದಿ ಮಷೀನಿಗೆ ಕೊಡಬ್ಯಾಡವ್ವಾ, ಮನ್ಯಾಗ ಇರಲಿ. ಕೊಡೂದಿಲ್ಲಪ್ಪಾ ಅಂದಳು, ಅಂದಮೇಲೆ ಮುಗಿಯಿತು. ಹುಬ್ಬಳ್ಳಿಯ ಹತ್ತಿ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗಿದ ಕುಬೇರಪ್ಪನವರ ಗಂಟಲು ಅದು, ಈ ತುದಿಯಲ್ಲಿ ಕೂಗಿದರೆ ಆ ತುದಿಯ ಹಮಾಲರು ತಿರುಗಿ ನೋಡುತ್ತಿದ್ದರಂತೆ, ಕ್ಯಾನ್ಸರ್ ಎಂದು ಇಲ್ಲಿಯ ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆದರು, ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೊಂದು ಬಟ್ಟೆ, ಗಂಟಲಿಗೆ ಒತ್ತಿ ಮಾತಾಡುವ ಯಂತ್ರವನ್ನೂ ಕೊಟ್ಟರು, ಒಂದೇ ಸಲ ಐಶೂ ಅಂದು, ಆ ಗೊಗ್ಗರು ದನಿಗೆ ತಾವೇ ಬೆಚ್ಚಿ ಡ್ರಾಯರಿನಲ್ಲಿಟ್ಟವರು ಮತ್ತೆ ಮುಟ್ಟಲಿಲ್ಲ. ಅವತ್ತಿನಿಂದ ಬರೇ ತುಟಿ ಆಡಿಸುತ್ತಾರೆ, ಅವಳಿಗೆ ಅರ್ಥವಾಗುವುದಿಲ್ಲ, ಅರ್ಥವಾದಂತೆ ತಲೆಯಾಡಿಸುತ್ತಾಳೆ, ಅದು ಅವರಿಗೂ ಗೊತ್ತಾಗುತ್ತದೆ. ಅದಕ್ಕೇ ಈ ಪ್ರೋಗ್ರಾಮು, ಹಳೆಯ ವಿಡಿಯೊಗಳಿಂದ ಅಪ್ಪನ ಮಾತಷ್ಟನ್ನೇ ಹೆಕ್ಕಿ, ಅವರು ಟೈಪ್ ಮಾಡಿದ್ದನ್ನು ಅವರದೇ ದನಿಯಲ್ಲಿ ಆಡುವಂಥದ್ದು, ಪೆಟ್ಟಿಗೆಯೊಳಗೇ ಓಡುವಂಥದ್ದು, ಓಡಿತೇ, ಮೆಮೊರಿ ಸಾಲದು ಎಂದು ಪ್ರತಿ ಸಲ ಅರ್ಧಕ್ಕೇ ಕೈಚೆಲ್ಲುತ್ತದೆ. ಸಾಲದಿದ್ದರೆ ಹಾಕೋಣ, ಅದಕ್ಕೇನು, ಹೊಸ ಮೆಮೊರಿಯ ಹಸಿರು ಪಟ್ಟಿಯನ್ನು ಓರೆಯಾಗಿ ತೂರಿಸು, ಕೆಳಗೆ ಒತ್ತು — ಸ್ವಿಚ್ಚು ಹಾಕಿದರೆ ಬೀಪ್ ಇಲ್ಲ, ಕಿತ್ತಳೆ ದೀಪ ಮಿಣಮಿಣ. ಆರಿಸಿ ಮತ್ತೆ ಹಾಕಿದಳು, ಅದೇ ಮಿಣಮಿಣ. ಹೋತಾ? ಬಾಗಿಲಲ್ಲಿ ಕೇದಾರ. ಹೋಗಿಲ್ಲ, ಬಾಯಿ ಮುಚ್ಕೊಂಡು ಟಾರ್ಚ್ ಹಿಡಿ. ಹಿಡಿದ, ಪುಣ್ಯಾತ್ಮ. ಪಟ್ಟಿ ಕೂರುವ ಸಂದಿಯಲ್ಲಿ ಬೆಳ್ಳಗೆ ಏನೋ, ವಿಭೂತಿ, ಪೂಜೆ ಮುಗಿಸಿ ಅಪ್ಪ ದಿನಾ ಇಲ್ಲೇ ಕೈ ಕೊಡವುತ್ತಾರಲ್ಲ, ತಮ್ಮ ದನಿಗೆ ತಾವೇ ಅಡ್ಡ, ನಗು ಬಂತು, ಅಳುವೂ, ಎರಡನ್ನೂ ಆಮೇಲೆ ನೋಡಿಕೊಳ್ಳೋಣ, ತಂತಿ ಕಿತ್ತು ಬ್ರಶ್ಶಿನಿಂದ ಗೋರಿ ಗೋರಿ ತೆಗೆದಳು, ಮತ್ತೆ ಪಟ್ಟಿ, ಮತ್ತೆ ಓರೆ, ಈ ಸಲ ಬೆರಳು ನೋಯುವಷ್ಟು ಒತ್ತು, ಟಕ್. ಬೀಪ್.

ಪ್ರೋಗ್ರಾಮು ಓಡುತ್ತಿದೆ, ಅರ್ಧ ದಾಟಿತು, ನಿಲ್ಲಲಿಲ್ಲ, ಮಧ್ಯಾಹ್ನದ ರೊಟ್ಟಿ ತಟ್ಟುತ್ತಲೇ ಫೋನಿನಲ್ಲಿ ನೋಡುತ್ತಾಳೆ, ಹೆಕ್ಕಿದ ತುಣುಕುಗಳು ಸಾಲುಗಟ್ಟಿ ಬರುತ್ತಿವೆ, ಹಿಟ್ಟಿನ ಬೆರಳಿನಿಂದಲೇ ಒಂದನ್ನು ಒತ್ತಿದಳು — ಲಿವರ್‌ಮೋರ್ ಗುಡಿಯ ಮೆಟ್ಟಿಲು, ಅವಳೊಬ್ಬಳೇ, ಮುಖ ಪಾರ್ಕಿಂಗಿನ ಕಡೆ, ಅಪ್ಪ ಎಲ್ಲಿ, ಅಪ್ಪ ಕಾಣುವುದಿಲ್ಲ, ದನಿ ಕ್ಯಾಮರಾದ ಹಿಂದಿನಿಂದ, ಈ ಕಡೆ ನೋಡವ್ವಾ. ಇನ್ನೊಂದು, ಸರಟೋಗಾದ ಗುಡ್ಡ, ಅವಳ ಮುಖ ತನ್ನ ಕೈಯ ಫೋನಿಗೆ, ಈ ಕಡೆ ನೋಡವ್ವಾ ಐಶೂ. ಸೀಮಂತದ ಹಸಿರು ಸೀರೆ, ನಗುತ್ತಿರುವುದು ಯಾರಿಗೋ, ಈ ಕಡೆ ನೋಡವ್ವಾ. ಎಲ್ಲದರಲ್ಲೂ ಅವಳೇ, ಎಲ್ಲದರಲ್ಲೂ ಬೇರೆ ಕಡೆಗೆ, ರೊಟ್ಟಿ ಸೀಯುತ್ತಿದೆ, ಸೀಯಲಿ, ತಿರುಗಿದಳು, ದನಿ ಕೇಳಿ ಎದ್ದು ಬಂದ ಅಪ್ಪ ಅಡುಗೆಮನೆಯ ಬಾಗಿಲಲ್ಲಿ, ಕೈ ಕುತ್ತಿಗೆಯ ಬಟ್ಟೆಯ ಮೇಲೆ, ಫೋನಿನ ದನಿಗೆ ಸರಿಯಾಗಿ ಆಡುತ್ತಿರುವ ತುಟಿ, ಈ ಕಡೆ ನೋಡವ್ವಾ, ಅರ್ಥವಾಗುತ್ತಿದೆ ಅಪ್ಪಾ, ನೋಡುತ್ತಿದ್ದಾಳೆ, ತುಣುಕು ಮುಗಿದಿದೆ, ಇನ್ನೂ ಆಡುತ್ತಲೇ ಇರುವ ತುಟಿ, ಅವಳು ನೋಡುತ್ತಲೇ ಇರುವ ತುಟಿ.